ಡೊರೀನಳ ಪಾಲಿನ ನಗು

ಅಂದು ಬೆಳಿಗ್ಗೆ ಯಾರ್ಕ್‌ಷೈರಿನ ಹಳೆಯ ಕೋಟೆಯ ಮೇಲೆ ತೆಳ್ಳಗೆ ಮಂಜು ಇಳಿದಿತ್ತು. ಒಳಗೆ ರಾಜರ ಕಾಲದ ಹಾಸ್ಯ ಧಾರಾವಾಹಿಯ ಚಿತ್ರೀಕರಣ. ಚಹಾದ ಸಾಲಿನಲ್ಲಿ ನನ್ನ ಮುಂದೆ ಅಡುಗೆಯವಳ ವೇಷದ ಡೊರೀನ್, ಕಾವಲುಗಾರನ ವೇಷದ ನಾರ್ಮನ್.

“ಇಡೀ ಧಾರಾವಾಹೀಲಿ ನಂಗಿರೋದು ಒಂದೇ ಮಾತು. ನಿನ್ನೆ ಅದನ್ನ ಆಡ್ದಾಗೆಲ್ಲ ನೀನು ಶಿರಸ್ತ್ರಾಣ ಜಾರಿಸ್ದೆ. ಎಲ್ರೂ ನಿನ್ನ ನೋಡಿ ನಕ್ರು.”

“ತಾನಾಗೇ ಜಾರ್ತು ಕಣೇ.”

“ಪ್ರತೀ ಸಲಾನೂ?”

ನಾರ್ಮನ್ ತಲೆ ತಗ್ಗಿಸಿದ. “ನಂಗೆ ಒಂದು ಮಾತೂ ಇಲ್ವಲ್ಲೇ.”

“ಅಯ್ಯೋ ಪಾಪ! ಅದಕ್ಕೆ ನಂದನ್ನ ಕದ್ದ್ಯಾ?”

ಅಷ್ಟರಲ್ಲಿ ಅದೇ ದೃಶ್ಯವನ್ನು ಮತ್ತೆ ಚಿತ್ರೀಕರಿಸಲು ಕರೆ ಬಂತು. ಇಬ್ಬರೂ ಅಂಗಳಕ್ಕೆ ನಡೆದರು. ಡೊರೀನ್ ಸೌಟು ಎತ್ತಿದಳು.

“ದೊರೆಗಳೇ, ಯುದ್ಧದಿಂದ ಇಷ್ಟು ಬೇಗ ಓಡಿಬಂದ್ರೆ ಅಡುಗೆ ಹೇಗಾಗತ್ತೆ?”

ನಾರ್ಮನ್ನನ ಮೂಗಿನ ಮೇಲೆ ನೊಣ ಕೂತಿತ್ತು. ಅವನು ಗರ್ಭಗುಡಿಯ ದೀಪದಂತೆ ಅಲುಗದೆ ನಿಂತ. ಅಂಗಳ ತುಂಬ ಎದ್ದ ನಗುವೆಲ್ಲ ಅವಳದೇ ಆಯಿತು.