ಖಾಲಿ ಬಿದ್ದಿದ್ದ ಸಂಖ್ಯೆ

ದೀಪ ಹಾಗೇ ಇರಲಿ, ಆರಿಸಬೇಡಿ. ಇದು ಕಟ್ಟುಕತೆಯಲ್ಲ, ನಮ್ಮ ಚಿಕ್ಕಪ್ಪನ ಮಗನಿಗೇ ಆದದ್ದು.

ಅವನಿಗೆ ದೊಡ್ಡಾಸ್ಪತ್ರೆಯೊಂದರಲ್ಲಿ ಕಂಪ್ಯೂಟರ್ ಖಾತೆಗಳನ್ನು ನೋಡಿಕೊಳ್ಳುವ ಕೆಲಸ. ಒಬ್ಬೊಬ್ಬ ನೌಕರರಿಗೂ ಒಂದು ಸಂಖ್ಯೆ, ಒಂದೊಂದು ಬಾಗಿಲಿಗೂ ಒಂದು ಗುಂಪು; ಯಾರ ಸಂಖ್ಯೆ ಯಾವ ಗುಂಪಿನಲ್ಲಿದೆಯೋ ಆ ಬಾಗಿಲು ಅವರ ಕಾರ್ಡಿಗೆ ತೆರೆಯುತ್ತದೆ. ಸೇರಿಸುವುದು, ತೆಗೆಯುವುದು ಎಲ್ಲವೂ ಕಪ್ಪು ಪರದೆಯಲ್ಲಿ ಆಜ್ಞೆ ಟೈಪು ಮಾಡಿಯೇ. ಬುದ್ಧಿವಂತ, ಆದರೆ ಮಹಾ ಮೈಗಳ್ಳ. ಹೆಂಡತಿ ಅಲ್ಲೇ ರಾತ್ರಿಪಾಳಿಗೆ ಸೇರಿದಾಗ ಅವಳಿಗೆ ಹೊಸ ಸಂಖ್ಯೆ ಹುಡುಕದೆ, ಖಾಲಿ ಬಿದ್ದಿದ್ದ ಒಂದನ್ನು ಕೊಟ್ಟುಬಿಟ್ಟ. ಅದು ಔಷಧಿ ತಣ್ಣಗಿಡುವ ಕೋಲ್ಡ್ ರೂಮಿನಲ್ಲಿ ಸಿಕ್ಕಿಕೊಂಡು ಸತ್ತ ನರ್ಸಮ್ಮನದು; ಆಮೇಲೆ ಆ ಕೋಣೆಯನ್ನು ಯಾರೂ ಬಳಸುತ್ತಿರಲಿಲ್ಲ.

ಆ ರಾತ್ರಿ ಪಾಳುಬಾವಿಯ ಪಕ್ಕ ಮನೆಗೆ ನಡೆದು ಬರುತ್ತಿದ್ದ. ಜೇಬಿನಲ್ಲಿ ಫೋನು ಗುರ್ರೆಂದಿತು.

“ರೀ... ಕೋಲ್ಡ್ ರೂಮ್ ಬಾಗಿಲು ನನಗ್ಯಾಕೆ ತೆರೀತು?” ಹೆಂಡತಿಯ ಪಿಸುಮಾತು. “ಸುಮ್ನೆ ಮುಂದೆ ಹಾದುಹೋದೆ ಅಷ್ಟೆ.”

“ಒಳಗೆ ಹೋಗಬೇಡ!”

“ಯಾರೋ ಕರೀತಿದ್ದಾರೆ... ಅವರ ಪಾಳಿ ಮುಗೀತಂತೆ. ಇನ್ನು ನಾನಂತೆ... ಕಾಲು ನನ್ನ ಮಾತು ಕೇಳ್ತಿಲ್ಲ ರೀ.”

ಅವನ ಜೀವ ಬಾಯಿಗೆ ಬಂತು. ಆ ಬಾಗಿಲು ಮುಚ್ಚಿದರೆ ಒಳಗಿನಿಂದ ತೆರೆಯುವುದಿಲ್ಲ. ಓಡಿದರೂ ಮುಟ್ಟುವ ದೂರವಲ್ಲ. ಬಾವಿಕಟ್ಟೆಯ ಮೇಲೇ ಕೂತು ಹೆಗಲ ಚೀಲದ ಲ್ಯಾಪ್‌ಟಾಪ್ ತೆರೆದ. ಕೋಲ್ಡ್ ರೂಮಿನ ಗುಂಪಿನಲ್ಲಿ ಯಾರಿದ್ದಾರೆ ಎಂದು ಆಜ್ಞೆ ಕೊಟ್ಟು ಕೇಳಿದ. ಒಂದೇ ಸಂಖ್ಯೆ... ಅದೇ. ಸತ್ತವಳ ಖಾತೆ ಅಳಿಸಿದ್ದ, ಗುಂಪಿನಿಂದ ತೆಗೆಯುವುದನ್ನು ಮರೆತಿದ್ದ!

ತೆಗೆದ. ಮತ್ತೆ ಕೇಳಿದ. ಇದೆ.

ಇನ್ನೊಮ್ಮೆ ತೆಗೆದ. ಅಂಥ ಸದಸ್ಯರೇ ಇಲ್ಲ ಎಂದಿತು ಪರದೆ. ಕೇಳಿದರೆ... ಇದೆ.

ಫೋನಿನಲ್ಲಿ ಚಪ್ಪಲಿ ಎಳೆಯುವ ಸರ್... ಸರ್... ಆಮೇಲೆ ಬಾಗಿಲಿನ ರಬ್ಬರು ಪಟ್ಟಿ ನೆಲಕ್ಕೆ ಉಜ್ಜುವ ಕಿರ್ರ್... ಬಾಗಿಲು ಮುಚ್ಚುತ್ತಿತ್ತು.

ಗುಂಪು ಬಿಡದಿದ್ದರೆ ಬೇಡ, ಹೆಂಡತಿಯ ಸಂಖ್ಯೆಯನ್ನೇ ಬದಲಿಸೋಣ ಎಂದು ಆಗ ಹೊಳೆಯಿತು. ಹೊಸ ಸಂಖ್ಯೆ ಟೈಪು ಮಾಡಿದ.

“ಅವಳನ್ನ ಬಿಟ್ಟುಬಿಡಮ್ಮಾ,” ಎಂದು ಸತ್ತ ನರ್ಸಮ್ಮನನ್ನು ಗೋಗರೆದ. “ತಪ್ಪು ನನ್ನದು. ಬೇಕಾದ್ರೆ ನಾನಿದ್ದೀನಿ.”

ಎಂಟರ್ ಒತ್ತಿದ. ಬಾಗಿಲಿನ ಕಿರ್ರ್ ಸದ್ದು ನಿಂತಿತು.

“ರೀ... ಹೊರಗೆ ಬಂದೆ,” ಎಂದಳು ಹೆಂಡತಿ, ಬಿಕ್ಕಿಬಿಕ್ಕಿ ಅಳುತ್ತಾ.

ಇಬ್ಬರೂ ಕೆಲಸ ಬಿಟ್ಟರು. ಅವನು ಕಾರ್ಡು ವಾಪಸು ಕೊಟ್ಟ, ಖಾತೆಯನ್ನೂ ಅಳಿಸಿಹಾಕಿಸಿದ. ಮೊನ್ನೆ ಅವನ ಮಾವನಿಗೆ ಹುಷಾರಿಲ್ಲವೆಂದು ಅದೇ ಆಸ್ಪತ್ರೆಗೆ ಹೋಗಬೇಕಾಯಿತು. ನಾನೂ ಜೊತೆಗಿದ್ದೆ. ಮಟಮಟ ಮಧ್ಯಾಹ್ನ. ಮಾತಾಡುತ್ತಾ ಕೋಲ್ಡ್ ರೂಮಿನ ಮುಂದೆ ಹಾದುಹೋದೆವು... ಬಾಗಿಲು ತೆರೆದುಕೊಂಡಿತು.

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಅವನ ಕೊರಳಲ್ಲಿ ಕಾರ್ಡಿರಲಿಲ್ಲ, ನಾನೇ ನೋಡಿದ್ದೇನೆ.