ಸಾಹುಕಾರನನ್ನು ಯಾರೂ ಕೇಳದ ಪ್ರಶ್ನೆ

ನೋಡಿ, ನಿಮ್ಮೂರಿನಂಥದ್ದೇ ಒಂದು ಊರು. ಅಲ್ಲೊಬ್ಬ ಸಾಹುಕಾರ. ಎರಡು ಎಣ್ಣೆ ಗಿರಣಿ, ಮಠದ ಪತ್ರಿಕೆಯಲ್ಲಿ ವರ್ಷಕ್ಕೊಂದು ಫೋಟೋ. ಬೆಳೆದ ಮಗಳು ಜ್ವರ ಬಂದು ಮೂರೇ ದಿನದಲ್ಲಿ ತೀರಿಕೊಂಡಳು. ಅವತ್ತಿನಿಂದ ಸಾಹುಕಾರನಿಗೆ ಊಟ ಸೇರದು, ಮಾತು ಬೇಡ. ಮಗಳಂತೂ ಹೋದಳು, ಇವರೂ ಹೋಗಿಬಿಟ್ಟರೆ ಎಂದು ಹೆಂಡತಿ ಹೆದರಿದಳು.

ಸ್ವಾಮಿಗಳ ಹತ್ತಿರ ಕರೆದೊಯ್ದಳು. "ಪೂಜಾ ಜಾಸ್ತಿ ಮಾಡಪ್ಪಾ" ಅಂದರು. ನಗಬೇಡಿ, ಆ ಸ್ವಾಮಿ ನಾನಲ್ಲ. ನಾನಾಗಿದ್ದರೂ ಅದನ್ನೇ ಹೇಳುತ್ತಿದ್ದೆ.

ಕೊನೆಗೆ ಆಪ್ತಸಮಾಲೋಚಕರಿಗೆ ತೋರಿಸುವುದು ಅಂತಾಯಿತು. ಮನಸ್ಸಿನ ನೋವು ಕೇಳಿಸಿಕೊಳ್ಳುವುದೇ ಅವರ ಕೆಲಸ. ಊರಲ್ಲಿ ಅಂಥವರು ಇಬ್ಬರು. ಒಬ್ಬರು ಮುಸ್ಲಿಂ ಹೆಣ್ಣುಮಗಳು. ಬಾಗಿಲ ಮೇಲಿನ ಹೆಸರು ಓದಿದ ಸಾಹುಕಾರ ಚಪ್ಪಲಿಯನ್ನೂ ಬಿಡದೆ ತಿರುಗಿದ. "ನಮ್ಮ ದೇವರು ದಿಂಡರು ಈಕಿಗೇನ್ ಗೊತ್ತು?" ಅಂದ.

ಇನ್ನೊಬ್ಬರು ನಮ್ಮವರೇ. ಹಣೆಯ ವಿಭೂತಿ ನೋಡಿ ಸಾಹುಕಾರನಿಗೆ ಜೀವ ಬಂತು. ಅವರು ಕೇಳಿದ ಮೊದಲ ಮಾತೇನು?

"ಪೂಜಾ ಎಲ್ಲಾ ಸಾಂಗ ನಡದೈತಲ್ರೀ?"

"ನಡದೈತ್ರೀ."

ಸುಳ್ಳು! ಮಗಳು ಸತ್ತ ದಿನದಿಂದ ಅವನು ಪೂಜೆಯನ್ನೇ ಮಾಡಿಲ್ಲ. ದೇವರ ಕೋಣೆಯ ಬಾಗಿಲು ಹಾಕಿಕೊಳ್ಳುವುದು, ಮನೆಮಂದಿಗೆ ಕೇಳಲೆಂದು ಗಂಟೆ ಬಾರಿಸುವುದು, ಸುಮ್ಮನೆ ಕೂತು ಎದ್ದು ಬರುವುದು. ನಮ್ಮವರ ಮುಂದೆ ಇದನ್ನು ಹೇಳುವುದು ಹೇಗೆ? ಸಂಜೆಯೊಳಗೆ ಸುದ್ದಿ ಮಠಕ್ಕೆ ಮುಟ್ಟಿದರೆ? ಆರು ವಾರ ಹೋದ, ಆರು ವಾರವೂ ಸುಳ್ಳು ಹೇಳಿದ. ಮೈಮೇಲಿನ ಅಂಗಿ ಮಾತ್ರ ಸಡಿಲವಾಗುತ್ತ ಬಂತು.

ಹೆಂಡತಿಗೆ ಇನ್ನು ತಡೆಯಲಾಗಲಿಲ್ಲ. ಕೈ ಹಿಡಿದು ಎಳೆದೊಯ್ದು ಆ ಮುಸ್ಲಿಂ ಹೆಣ್ಣುಮಗಳ ಮುಂದೆಯೇ ಕೂರಿಸಿದಳು.

"ಮುಂಜಾನಿ ಎದ್ದು ಏನ್ ಮಾಡ್ತೀರಿ?"

"ಪೂಜಾ ಮಾಡ್ತೀನ್ರೀ."

"ತಪ್ಪ ತಿಳಿಬ್ಯಾಡ್ರಿ ಅಣ್ಣಾರ, ನಿಮ್ಮ ಪೂಜಾ ನನಗ ಗೊತ್ತಿಲ್ಲ. ದೇವರ ಮುಂದ ಕುಂತು ಏನ್ ಮಾತಾಡ್ತೀರಿ?"

ಹೇಳಿ, ಇದನ್ನು ಯಾರಾದರೂ ಕೇಳುತ್ತಾರೆಯೇ? ನೀವು ಕೇಳಿದ್ದೀರಾ? ಸಾಹುಕಾರ ಸುಳ್ಳು ಹೇಳಲು ಬಾಯಿ ತೆರೆದ, ಬರಲಿಲ್ಲ.

"ಏನೂ ಮಾತಾಡಂಗಿಲ್ರೀ. ಅವನ ಮ್ಯಾಲ ಸಿಟ್ಟೈತ್ರೀ ನನಗ. ನನ್ನ ಮಗಳನ್ನ ಒಯ್ದಾನ್ರೀ ಅವ!"

ಎರಡು ಗಿರಣಿಯ ಸಾಹುಕಾರ ಗೊಳೋ ಎಂದು ಅತ್ತ. ಆಕೆ ನಿಮ್ಮ ದೇವರು ಹೀಗೆ, ನಮ್ಮ ದೇವರು ಹಾಗೆ ಅನ್ನಲಿಲ್ಲ. "ಮಗಳ ಹೆಸರೇನ್ರೀ?" ಅಂದಳು. ಅವತ್ತು ಮನೆಗೆ ಬಂದವನು ಎರಡು ರೊಟ್ಟಿ ಕೇಳಿ ಹಾಕಿಸಿಕೊಂಡು ಉಂಡ.

ಈಗ ನಿಮ್ಮ ವಿಷಯಕ್ಕೆ ಬರೋಣ. ಆಕೆಗೆ ಗೊತ್ತಿರಲಿಲ್ಲ, ಕೇಳಿದಳು. ನಮಗೆಲ್ಲ ಗೊತ್ತು, ಅದಕ್ಕೇ ಕೇಳುವುದಿಲ್ಲ. ನಾಳೆಯಿಂದ ಮನೆಯಲ್ಲಿ ನೊಂದವರಿದ್ದರೆ ಉಪದೇಶ ಮಾಡಬೇಡಿ, ಅದಕ್ಕೆ ನಾನಿದ್ದೇನೆ. ಪಕ್ಕದಲ್ಲಿ ಕೂತು ಏನೂ ಗೊತ್ತಿಲ್ಲದವರ ಹಾಗೆ ಕೇಳಿ. ನಿಮ್ಮ ಮುಂದೆ ಬಾಯಿ ಬಿಡದಿದ್ದರೆ ಯಾರ ಮುಂದೆ ಬಿಡುತ್ತಾರೋ ಅಲ್ಲಿಗೆ ಕರೆದೊಯ್ಯಿರಿ. ಜಾತಿ, ಧರ್ಮ ಆಮೇಲೆ ವಿಚಾರಿಸಿ. ಅವರು ದೇವರನ್ನು ಬೈದರೆ ಬೈಯಲಿ ಬಿಡಿ. ಅವನಿಗದು ಅಭ್ಯಾಸವಿದೆ. ನೀವು ಅವನ ಪರ ವಕೀಲಿಗೆ ನಿಲ್ಲಬೇಡಿ.