ಯಾರೂ ಬಡಿಸಿಕೊಳ್ಳದ ಸಾರು

ನಗ್ತೀಯಾ ಮೇಘನಾ? ನಗು, ನಗು! ಆದ್ರೆ ಕಣ್ಣು ರಸ್ತೆ ಮೇಲಿರ್ಲಿ ತಾಯಿ, ಮೊದ್ಲು ಈ ಪಕ್ಕದ್ಮನೆ ವೆಂಕಟಮ್ಮನ್ನ ಮನೆ ಮುಟ್ಟಿಸು. ಅಲ್ಲಾ, ನಾನಂದಿದ್ರಲ್ಲಿ ಸುಳ್ಳೇನಿದೆ? ಲಕ್ಷ್ಮೀಕಾಂತನ ಮುಖ ನೀನೂ ನೋಡಿದೆಯಲ್ಲ... ಸುಟ್ಟ ಬದನೇಕಾಯಿ! ಮನೆ ಮುಂದೆ ಹುಲ್ಲಲ್ಲಿ ಬೋರ್ಡ್ ನೆಟ್ಟವ್ನೆ, ಮನುಷ್ಯರೆಲ್ಲ ಒಂದೇ ಅಂತ. ನಂಗೆಲ್ಲಿ ಇಂಗ್ಲಿಷ್ ಓದೋಕೆ ಬರುತ್ತೆ, ಸೊಸೆ ಓದಿ ಹೇಳಿದ್ಲು. ಒಳಗೆ ಅಡುಗೆಮನೆ ಕಥೇನೇ ಬೇರೆ!

ಆ ಪ್ರತಿಭಾಗಾದ್ರೂ ಏನಾಗಿತ್ತು ರೋಗ? ಸಿಯಾಟಲ್‌ನೋರು ಜಾತಿಭೇದ ಮಾಡಂಗಿಲ್ಲ ಅಂತ ಕಾನೂನು ತಂದ್ರಲ್ಲ, ಆವಾಗ ಸಿಟಿ ಹಾಲ್‌ಗೆ ಹೋಗಿ ಮೈಕ್ ಮುಂದೆ "ನಾನು ದಲಿತಳು" ಅಂದಿದ್ಲಂತೆ. ಅಂದಿದ್ದು ಅಂದ್ಲು, ಈಗ ಆ ವಿಡಿಯೋ ಲಕ್ಷ್ಮೀಕಾಂತನ ಕೈಗೇ ಸಿಗ್ಬೇಕಾ! ಇವತ್ತು ತಿಂಗಳ ಊಟಕ್ಕೆ ಎಲ್ಲರೂ ಅಡುಗೆ ತಂದು ಅವನ ಮನೇಲಿ ಸೇರಿ, ತಟ್ಟೆ ಹಿಡಿಯೋ ಹೊತ್ತಿಗೆ ಸರಿಯಾಗಿ ಎಲ್ಲರಿಗೂ ತೋರಿಸ್ದ. ಮೇಲೊಂದು ಭಾಷಣ. "ನಾನೂ ಲಿಬರಲ್ಲೇ ಕಣ್ರೀ. ಈ ದೇಶದಲ್ಲಿ ಸಮಾನತೆ ಅಂದ್ರೆ ಯಾರನ್ನೂ ಜಾತಿ ಕೇಳದೇ ಇರೋದು. ನೀವು ಕಾನೂನು, ಕಾನೂನು ಅಂತ ಕೂಗಿ ಮರೆತಿದ್ದನ್ನ ನೆನಪು ಮಾಡ್ತೀರ."

ಅವಳೂ ಅಲ್ಲೇ ಇದ್ಲಲ್ಲ, ಬಿಟ್ಟಾಳಾ! "ಕರಿಯರಿಗೂ ಹಿಂಗೇ ಹೇಳಿದ್ರು ಸಾರ್, ನಾವು ಬಣ್ಣ ನೋಡಲ್ಲ, ಇನ್ನೇನು ಬೇಕು ನಿಮಗೆ ಅಂತ. ಕಾನೂನು ಬಂದ ಮೇಲೆ ತಾನೇ ಹೋಟ್ಲಲ್ಲಿ ಪಕ್ಕ ಕೂತು ಊಟ ಮಾಡೋ ಹಂಗಾಗಿದ್ದು? ಒಬ್ರು ಕಣ್ಣು ಮುಚ್ಚಿಕೊಂಡ್ರೆ ಇನ್ನೊಬ್ರು ಸಮ ಆಗ್ಬಿಡಲ್ಲ." ಆಹಾ! ನಂಗೆ ಚಪ್ಪಾಳೆ... ಅಲ್ಲ, ಅಂದ್ರೆ, ಎಷ್ಟು ಕೊಬ್ಬು ನೋಡು ಅಂದೆ.

ಆ ಕಾನೂನೂ ಸಿಯಾಟಲ್ ಗಡಿವರೆಗೆ ಮಾತ್ರ ಅಂತೆ. ಇವನ ಮನೆ ಗಡಿ ದಾಟಿದ್ರೆ ಸಿಗೋ ಪಕ್ಕದೂರು ಶೋರ್‌ಲೈನ್‌ನಲ್ಲಿ. ರಸ್ತೆ ಆಚೆ ಕೇಳಂಗಿಲ್ಲ, ಈಚೆ ಕೇಳ್ಬೋದು! ಕೇಳೇಬಿಟ್ಟ, ಅದೂ ನನ್ನ! "ವೆಂಕಟಮ್ಮನೋರೇ, ಎಲ್ಲರ ಕುಲಗೋತ್ರ ನಿಮ್ಮ ನಾಲಿಗೆ ತುದೀಲಿರುತ್ತೆ, ಇವಳು ಯಾರ ಪೈಕಿ?" ನಂಗೇನಪ್ಪ ಗೊತ್ತು, ಯಾರೋ ಏನೋ ಅಂದೆ. ಇನ್ನೇನನ್ಲಿ?

ಮುಂದಿನ ತಿಂಗಳ ಊಟಕ್ಕೆ ಬಂದೇ ಬರ್ತಾಳೆ, ನೋಡ್ತಿರು. ಬರ್ತಾಳಲ್ವಾ? ನಿಂಗೇನನ್ಸುತ್ತೆ? ...ಬರ್ದಿದ್ರೆ ಬಿಡ್ಲಿ, ನಮಗೇನು.

ಆದ್ರೂ ಆ ಸಾರು! ಹಿತಕಿದ ಅವರೆಬೇಳೆ ಸಾರು ಕಣೇ. ಎಲ್ಲರ ಪಾತ್ರೆ ತಳ ಕಂಡ್ವು, ಅವಳ ಪಾತ್ರೆ ಮುಚ್ಚಳ ಒಬ್ರೂ ತೆಗೀಲಿಲ್ಲ. ನೀನೂ ತೆಗೀಲಿಲ್ಲ... ನಾನೂ ಅನ್ನು. ಕಾಳು ನೆನೆಸಿ, ಒಂದೊಂದನ್ನೇ ಹಿತುಕಿ ಸಿಪ್ಪೆ ಬಿಡಿಸ್ಬೇಕು. ಅದೂ ಅವಳದು ಎಡಗೈ! ಇಷ್ಟುದ್ದ ಇದ್ದಾಗ್ಲಿಂದ ಎಡಗೈ ಹೆಬ್ಬೆಟ್ಟೇ. ಬಲಗೈಲಿ ಹಿತುಕೇ ಅಂತ ಗದರಿದ್ರೆ ಕಾಳು ಪಟ್ಟಂತ ಹಾರಿ ನನ್ನ ಕಣ್ಣಿಗೇ...

ಏನು? ಇಲ್ಲಪ್ಪ. ಅವಳೇ ಹೇಳಿದ್ಲು... ಯಾರ ಹತ್ರಾನೋ ಹೇಳ್ತಿದ್ಲು, ಕೇಳಿಸ್ಕೊಂಡೆ.

ಹಸಿರು ಬಿತ್ತು ಮೇಘನಾ, ಹೋಗು. ಹೋಗೇ! ಹಿಂದಿನೋನು ಹಾರ್ನ್ ಹೊಡೀತಾನೆ. ಈ ಊರಲ್ಲಿ ಹಾರ್ನ್ ಕೇಳೋದೇ ಅಪರೂಪ... ಹಂಗೆ ನೋಡ್ಬೇಡ ನನ್ನ. ಬಯ್ಯೋದಾದ್ರೆ ಬಯ್ದುಬಿಡು.

...ಸರಿ. ಪಕ್ಕಕ್ಕೆ ನಿಲ್ಸಿದ್ಯಾ. ನಿಲ್ಸು.

ನನ್ನ ತಂಗಿ ಮಗಳು. ತಂಗಿ ಹೋದ್ಮೇಲೆ ನಾನೇ ಸಾಕಿದ್ದು. ನಾನಿಲ್ಲಿಗೆ ಬಂದಿಳಿದ ದಿನಾನೇ ರಾಕೇಶ ಹೇಳ್ಬಿಟ್ಟ, "ಅಮ್ಮ, ಯಾರಾದ್ರೂ ಕೇಳಿದ್ರೆ ಗೌಡ್ರು ಅನ್ನು. ಪ್ರತಿಭಾ ಎದುರಿಗೆ ಸಿಕ್ಕಿದ್ರೂ ಗುರುತಿಲ್ಲದ ಹಂಗಿರು" ಅಂತ. ಹೆತ್ತ ಮಗ, ಅವನ ಮನೆ ಅನ್ನ. ತಿಂಗಳಿಗೊಂದ್ಸಲ ಈ ಊಟದಲ್ಲಿ ದೂರದಿಂದ ನೋಡ್ತಿದ್ದೆ. ಇಳಿದುಹೋಗವ್ಳೆ, ಕೆನ್ನೆ ಮೂಳೆ ಕಾಣುತ್ತೆ. ಕೇಳೋ ಹಂಗಿಲ್ಲ.

ಇವತ್ತು ಪಾತ್ರೆ ಎತ್ಕೊಂಡು ಬಾಗ್ಲ ಹತ್ರ ಬಂದ್ಲು, ನನ್ನ ಮುಂದೆ ನಿಂತ್ಲು. ದೊಡ್ಡಮ್ಮಾ ಅಂದ್ಬಿಡ್ತಾಳೇನೋ ಅಂತ ಚಪ್ಪಲಿ ಹುಡುಕೋ ಹಂಗೆ ಬಗ್ಗಿದೆ. ಅನ್ಲಿಲ್ಲ ಕಣೇ. ನನ್ನ ಕಾಪಾಡಿಬಿಟ್ಲು. ಹೊರಡುವಾಗ ನಾವು ಬರ್ತೀನಿ ಅಂತಲ್ವಾ ಅನ್ನೋದು? ಎಷ್ಟೇ ಜಗಳ ಆಡಿದ್ರೂ ಬರ್ತೀನಿ ಅಂತ್ಲೇ ಅಂತೀವಿ. ಚಿಕ್ಕೋಳಿದ್ದಾಗ ನಾನೇ ಹೇಳ್ಕೊಟ್ಟಿದ್ದೆ.

"ಹೋಗ್ತೀನಿ ಆಂಟಿ" ಅಂದ್ಲು.